ಐದನೆಯ ಕೈ

ಅವರ ಲುಂಗಿ ಜಾರದಂತೆ ಸೊಂಟದಲ್ಲಿ ಹಿಡಿದಿಟ್ಟಿದ್ದು ಒಂದು ನೀಲಿ ಬ್ಯಾಡ್ಜು. ಅದರ ಮೇಲೆ ಹಳದಿ ನಕ್ಷತ್ರಗಳ ಬಳೆ, ಯುರೋಪಿನ ಬಾವುಟದ್ದು. ಮೆಲ್ಬರ್ನಿನ ಕ್ಲೇಟನ್ನಿನಲ್ಲಿ ಓದುತ್ತಿದ್ದ ನನಗೆ ರೂಮು ಬಾಡಿಗೆಗೆ ಕೊಟ್ಟಿದ್ದ ಅಂಕಲ್ ಅವರು. ಉಡುಪಿಯವರು, ಇಪ್ಪತ್ತು ವರ್ಷ ಇಂಗ್ಲೆಂಡಿನಲ್ಲಿ ಬಸ್ಸು ಓಡಿಸಿ, ಮಗಳಿದ್ದಾಳೆಂದು ಮೆಲ್ಬರ್ನಿಗೆ ಬಂದಿದ್ದರು. ಬಸ್ಸು ಬಿಟ್ಟರೂ ಇಂಗ್ಲೆಂಡಿನ ಎಡಪಕ್ಷವನ್ನು ಬಿಟ್ಟಿರಲಿಲ್ಲ. ಪೌಂಡು ಬಿಟ್ಟು ಯುರೋ ಒಪ್ಪಿಕೊಳ್ಳುವಂತೆ ಆ ಪಕ್ಷದ ಮನವೊಲಿಸುವುದೇ ಅವರ ವಾನಪ್ರಸ್ಥ.

"ಗಡಿ ದಾಟುವಾಗೆಲ್ಲ ದುಡ್ಡು ಬದಲಿಸುದು ಎಂತ ಕರ್ಮ ಮಾರಾಯ್ತಿ?" ಎಂದು ಗೋಳಿಬಜೆ ಕರಿಯುತ್ತಾ ಕೇಳುವರು. ಉತ್ತರ ಕೊಡಲು ನನ್ನ ಬಾಯಿ ಖಾಲಿ ಇರುತ್ತಿರಲಿಲ್ಲ.

ಆ ಪಕ್ಷದ ಬೆಂಬಲಿಗರ ಸಂಘವೊಂದು ಮೆಲ್ಬರ್ನಿನಲ್ಲಿತ್ತು. ಯಾರು ಬೇಕಾದರೂ ಸೇರಬಹುದಿತ್ತು, ಯಾರೂ ಸೇರುತ್ತಿರಲಿಲ್ಲ. ಅಂಕಲ್, ಒಂದು ಇಂಗ್ಲಿಷ್ ದಂಪತಿ, ಗೋಳಿಬಜೆಯ ಋಣಕ್ಕೆ ನಾನು, ಒಟ್ಟು ನಾಲ್ಕೇ ಜನ. ಲಂಡನ್ನಿಗೆ ಠರಾವು ಕಳಿಸಲು ಐದು ಕೈ ಏಳಬೇಕು. ಸಿಡ್ನಿಯ ಸಂಘ ಆಗಲೇ 'ಯುರೋ ಬೇಡ' ಎಂದು ಕಳಿಸಿಬಿಟ್ಟಿತ್ತು. ಅಂಕಲ್‌ಗೆ ಅನ್ನ ರುಚಿಸದಾಯಿತು. 'ಯುರೋ ಪರವಾಗಿ ಕೈ ಎತ್ತಿ' ಎಂದು ಲೈಬ್ರರಿಯ ಬೋರ್ಡಿಗೆ ಚೀಟಿ ಅಂಟಿಸಿ ಬಂದರು.

ಭಾನುವಾರದ ಸಭೆಗೆ ಆಸ್ಟ್ರೇಲಿಯನ್ ಅಜ್ಜಿಯೊಬ್ಬರು ಬಂದರು. ಸದಸ್ಯತ್ವದ ಫಾರ್ಮು ತುಂಬಿದರು. ಅಂಕಲ್ ತಮ್ಮ ಉಡುಪಿ ಇಂಗ್ಲಿಷಿನಲ್ಲಿ "ಬೇಲಿಗಳಿಲ್ಲದೆ ಓಡಾಡಬೇಕು" ಎಂದಾಗ ಜೋರಾಗಿ ತಲೆದೂಗಿದರು. ಎಲ್ಲರಿಗಿಂತ ಮೊದಲು ಕೈ ಎತ್ತಿದರು. ಐದು! ಅಂಕಲ್ ಕಣ್ಣಲ್ಲಿ ನೀರು.

ಆಗ ಅಜ್ಜಿ ಚೀಲದಿಂದ ಫೋಟೋ ತೆಗೆದು, "ನಾನು ಸಾಕಿ ಕಾಡಿಗೆ ಬಿಟ್ಟ ಯುರೋ" ಎಂದರು. ಫೋಟೋದಲ್ಲಿ ಕಾಂಗರೂ. ಆ ದೇಶದಲ್ಲಿ ಒಂದು ಜಾತಿಯ ಕಾಂಗರೂವಿನ ಹೆಸರೇ ಯುರೋ.

"ಸುಮ್ನ ಕಳಿಸಿಬಿಡ್ರಿ ಅಂಕಲ್. ಲಂಡನ್ನಿನವ್ರಿಗೇನ್ ಗೊತ್ತಾಗ್ತೈತಿ?" ಎಂದೆ ಹುಬ್ಬಳ್ಳಿಯ ನಾನು.

"ಅವ್ರಿಗೆ ಗೊತ್ತಾಗ್ಲಿಕ್ಕಿಲ್ಲ. ನಂಗೆ ಗೊತ್ತಾಯ್ತಲ್ಲ."

ಅಜ್ಜಿಯ ಪಕ್ಕ ಕೂತು, ಚಿಲ್ಲರೆ ಹರಡಿ, ಒಂದು ಗಂಟೆ ಯುರೋ ಎಂದರೇನೆಂದು ವಿವರಿಸಿದರು. ಅಜ್ಜಿಗೆ ಚೆನ್ನಾಗಿ ಅರ್ಥವಾಯಿತು. "ಹಾಗಾದರೆ ಬೇಡ" ಎಂದರು. ಅಂಕಲ್ ನನ್ನ ಕಡೆ ತಿರುಗಿದರು.

"ನೀನು ಯಾಕೆ ಎತ್ತಿದ್ದು?"

"ಗೋಳಿಬಜೆ ಚಲೋ ಇದ್ವು ರೀ."

"ನಿಂದೂ ಇಳಿಸು ಮಾರಾಯ್ತಿ."

ಠರಾವು ಹರಿದು, ಅಜ್ಜಿಯ ತಟ್ಟೆಗೂ ನನ್ನ ತಟ್ಟೆಗೂ ಇನ್ನೆರಡು ಗೋಳಿಬಜೆ ಹಾಕಿದರು. ನಗುತ್ತಿದ್ದರು. ನನಗೆ ನಾಚಿಕೆಯಾಯಿತು. ಮುಂದೆ ಆಫೀಸಿನ ಮೀಟಿಂಗುಗಳಲ್ಲಿ ಎಲ್ಲರ ಕೈ ಎದ್ದಾಗಲೂ "ನನಗೆ ಅರ್ಥವಾಗಲಿಲ್ಲ" ಎನ್ನುವ ಧೈರ್ಯ ನನಗೆ ಬಂದಿದ್ದು ಅವರಿಂದಲೇ.

ಕೆಲವು ವರ್ಷಗಳ ನಂತರ ಅಂಕಲ್ ತೀರಿಕೊಂಡರು. ಅಂತ್ಯಕ್ರಿಯೆಯ ದಿನ ಹಿಂದಿನ ಸಾಲಿನಲ್ಲಿ ಅದೇ ಅಜ್ಜಿ ಕೂತಿದ್ದರು. ನನ್ನ ಕೈ ಹಿಡಿದು ಹೇಳಿದರು: "ಈ ಸಲ ಯಾತಕ್ಕೆ ಬಂದಿದ್ದೇನೆಂದು ನನಗೆ ಚೆನ್ನಾಗಿ ಗೊತ್ತು."