ಪ್ರಾಂಶುಪಾಲರ ಡ್ರಾಯರಿಗೆ ಹೋದ ಇಸ್ಪೀಟು ಕಟ್ಟು

ಭದ್ರಾವತಿಯ ಸೌಂದರ್ಯ ಅಕ್ಷರ ಕಲಿಯುವ ಮೊದಲೇ ಇಸ್ಪೀಟು ಕಲಿತವಳು. ಕಾರ್ಖಾನೆ ಕ್ವಾರ್ಟರ್ಸಿನ ಮನೆಯಲ್ಲಿ ಭಾನುವಾರ ಊಟವಾದ ಮೇಲೆ ಅಪ್ಪ ಮುರುಗೇಶಪ್ಪ ಚಾಪೆ ಹಾಸಿ ಎಲ್ಲರನ್ನೂ ರಮ್ಮಿಗೆ ಕೂರಿಸುತ್ತಿದ್ದ. ಪಣಕ್ಕೆ ಹುಣಸೆ ಬೀಜ. ಅವಳ ಸಹಪಾಠಿ, ಶಿವಮೊಗ್ಗದ ಕೋಟೆ ಬೀದಿಯ ಮೇಧಾಳ ಮನೆಯಲ್ಲಾದರೋ ಇಸ್ಪೀಟಿನ ಹೆಸರೆತ್ತಿದರೆ ತಾತ ಅರ್ಧ ಊಟಕ್ಕೇ ಏಳುತ್ತಿದ್ದರು.

ಪಿಯುಸಿ ಗಣಿತಕ್ಕೆ ಇದರ ಗೊಡವೆಯಿಲ್ಲ. ಕಟ್ಟಿನಿಂದ ಎರಡು ಎಲೆ ತೆಗೆದರೆ ಎರಡೂ ರಾಜನೇ ಆಗಿರುವ ಸಂಭವನೀಯತೆ ಎಷ್ಟು ಅನ್ನುತ್ತದೆ. ರಾಜನ ಮುಖವನ್ನೇ ಕಾಣದ ಹುಡುಗಿ ಏನು ಬರೆಯಬೇಕು? ಮೇಷ್ಟ್ರು ಸೂತ್ರ ಬರೆಸಿ ಕೈತೊಳೆದುಕೊಂಡಿದ್ದರು.

ಪರೀಕ್ಷೆ ಹತ್ತಿರ ಬಂದಾಗ ಇಬ್ಬರೂ ಕಾಲೇಜಿನ ಹಿಂದಿನ ಮೆಟ್ಟಿಲ ಮೇಲೆ ಕೂತರು. ಲೀಡರನ್ನೂ ಡೆಪ್ಯುಟಿಯನ್ನೂ ಆರಿಸಿದರೆ ಯಾರು ಯಾವುದಕ್ಕೆ ಅನ್ನುವುದು ಮುಖ್ಯ, ಅದು ಪರ್ಮ್ಯುಟೇಶನ್; ಬೆಂಚು ಎತ್ತಲು ಯಾರಾದರೂ ಇಬ್ಬರು ಸಾಕು, ಅದು ಕಾಂಬಿನೇಶನ್ ಎಂದು ಮೇಧಾ ಬಿಡಿಸಿ ಹೇಳಿದಳು. ಸೌಂದರ್ಯ ಅಪ್ಪನ ಕಟ್ಟು ತೆಗೆದಳು.

"ಒಂದು ರಾಜ ನಿನ್ನ ಕೈಲಿದೆ. ಕಟ್ಟಲ್ಲಿ ಇನ್ನೆಷ್ಟು ಉಳೀತು?"

"ಮೂರು. ಎಲೆ ಐವತ್ತೊಂದು. ನಾನು ಮತ್ತೆ ನಾಲ್ಕೇ ಹಾಕ್ತಿದ್ದೆ ಮಾರಾಯ್ತಿ."

ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಕಟ್ಟನ್ನು ಎತ್ತಿಕೊಂಡಿತು. ಪ್ರಾಂಶುಪಾಲರು.

ಕಚೇರಿಯಲ್ಲಿ ಅವರು ಕೇಳಿದ್ದು ಒಂದೇ, ಕಟ್ಟು ಯಾರದು. ತನ್ನದೆಂದಳು ಸೌಂದರ್ಯ. ಲೆಕ್ಕಕ್ಕೆ ತಂದದ್ದು ಅಂದದ್ದು ಅವರ ಕಿವಿಗೆ ಬೀಳಲಿಲ್ಲ. ಕ್ವಾರ್ಟರ್ಸಿನ ಬುದ್ಧಿ ಎಲ್ಲಿಗೆ ಹೋಗುತ್ತೆ ಎಂದು ಗೊಣಗಿ ಬಿಳಿ ಹಾಳೆ ತಳ್ಳಿದರು. ಜೂಜಾಡಿದೆ ಎಂದು ಬರೆದುಕೊಟ್ಟರೆ ಹಾಲ್ ಟಿಕೆಟ್, ಇಲ್ಲವಾದರೆ ಇಲ್ಲ. ಅವತ್ತೇ ಕೊನೆಯ ದಿನ. ಮೇಧಾಳಿಗೆ ಹಾಳೆ ಕೊಡಲಿಲ್ಲ. ಕ್ಲಾಸಿಗೆ ಹೋಗಮ್ಮ ಎಂದರು.

ಮೇಧಾ ಹೋಗಲೂ ಇಲ್ಲ, ಬಾಯಿಬಿಡಲೂ ಇಲ್ಲ. ಸೌಂದರ್ಯ ಅವಳತ್ತ ನೋಡಿದಳು. ಅವಳು ನೆಲ ನೋಡುತ್ತಿದ್ದಳು. ಬರೆಯದಿದ್ದರೆ ಒಂದು ವರ್ಷ ಹೋಯಿತು. ಬರೆದರೆ, ಅಪ್ಪನ ಚಾಪೆಯೂ ಹುಣಸೆ ಬೀಜವೂ ಜೂಜಾದವು. 'ಮಾನ್ಯರೇ' ಎಂದು ಬರೆದು ಪೆನ್ನು ನಿಂತಿತು.

"ಸರ್," ಮೇಧಾ ತಲೆಯೆತ್ತಿದಳು, "ಲೆಕ್ಕ ಕಲಿಯೋಕೆ ಅಂತ ತರೋಕೆ ಹೇಳಿದ್ದು ನಾನು."

"ನಿಮ್ಮ ತಾತನಿಗೆ ಫೋನ್ ಮಾಡಲಾ?"

"ಮಾಡಿ ಸರ್."

ಅವರು ಮಾಡಲಿಲ್ಲ. ಕೋಟೆಯ ದೊಡ್ಡ ಮನೆ, ಯಾಕೆ ಬೇಕು ಉಸಾಬರಿ. ಓದೋದಕ್ಕಾದರೆ ಮೊದಲೇ ಹೇಳಬಾರದಾ ಎಂದು ಇಬ್ಬರ ಹಾಲ್ ಟಿಕೆಟ್ಟೂ ಮುಂದಿಟ್ಟರು. ಅದನ್ನು ಮೊದಲೇ ಹೇಳಿದ್ದ ಸೌಂದರ್ಯ ಎದುರಿಗೇ ನಿಂತಿದ್ದಳು. ಅವೇ ಎಲೆಗಳು ಭದ್ರಾವತಿಯವಳ ಬಾಯಲ್ಲಿ ಜೂಜು, ಕೋಟೆಯವಳ ಬಾಯಲ್ಲಿ ಓದು!

ಕಟ್ಟು ವಾಪಸ್ ಕೊಡಿ ಅಂದಳು ಸೌಂದರ್ಯ. ಪ್ರಾಂಶುಪಾಲರು ಡ್ರಾಯರ್ ಮುಚ್ಚಿದರು.

ಇಬ್ಬರೂ ಮತ್ತೆ ಮೆಟ್ಟಿಲಿಗೆ ಬಂದು ಕೂತರು. ಸೌಂದರ್ಯ, "ಅಷ್ಟು ಹೊತ್ತು ಏನ್ ಮಾಡ್ತಿದ್ದೆ ನೀನು?" ಅಂದಳು.

"ಹೆದರ್ತಿದ್ದೆ."

ಕ್ಷಮಿಸಿದೆ ಅಂತ ಸೌಂದರ್ಯ ಹೇಳಲಿಲ್ಲ. ಕೈಯಲ್ಲೇ ಉಳಿದಿದ್ದ ಹಾಳೆಯನ್ನು ಚೂರು ಚೂರು ಹರಿದಳು. 'ಮಾನ್ಯರೇ' ಎಂದಿದ್ದ ಚೂರಿಗೆ ಕಿರೀಟ ಬರೆದು ಮೇಧಾಳ ಕೈಗಿಟ್ಟಳು.

"ಇದು ರಾಜ. ಇನ್ನೆಷ್ಟು ಉಳೀತು, ಹೇಳು."