ಸತ್ತ ಮೇಲೆ ಬೆಳ್ಳಗಾದ ಚಿಗವ್ವ

ನಮ್ಮ ಚಿಗವ್ವ ಸತ್ತ ಮೇಲೆ ಬೆಳ್ಳಗಾದಳು.

ತಮಾಷೆಯಲ್ಲ. ಕಳೆದ ವಾರ ರಾಮದುರ್ಗದಲ್ಲಿ ಆಕೆಯ ವರ್ಷದ ಪುಣ್ಯಸ್ಮರಣೆ ಇತ್ತು. ಹೋಗಿ ನೋಡುತ್ತೇನೆ, ಹಾಲ್‌ನಲ್ಲಿ ದೊಡ್ಡ ಫ್ರೇಮಿನೊಳಗೆ ಯಾರೋ ಅಪರಿಚಿತ ಹೆಂಗಸು ಹಾರ ಹಾಕಿಸಿಕೊಂಡು ಕುಳಿತಿದ್ದಾಳೆ. ಹಾಲಿನಂಥ ಮೈಬಣ್ಣ. ಕೊರಳ ತುಂಬ ಬಂಗಾರ. ತೊಡೆಯ ಮೇಲೆ ದಪ್ಪನೆಯ ಪುಸ್ತಕ. ತಲೆಯ ಹಿಂದೆ ಬೆಳಕಿನ ಚಕ್ರ ಬೇರೆ!

ನಮ್ಮ ಚಿಗವ್ವ (ಅಪ್ಪನ ತಮ್ಮನ ಹೆಂಡತಿ) ಎಣ್ಣೆಗಪ್ಪು. ಮುಂದಿನ ಹಲ್ಲುಗಳ ನಡುವೆ ಸಣ್ಣ ಸಂದು. ಬಾಯಿಗೆ ಸೆರಗು ಹಿಡಿದು ನಕ್ಕರೂ ಆ ಸಂದಿನಿಂದ ಸೀಟಿಯಂಥ ಸದ್ದು ಹೊರಬೀಳುತ್ತಿತ್ತು. ಫ್ರೇಮಿನಲ್ಲಿದ್ದ ಅಮ್ಮನವರಿಗೆ ನಕ್ಕು ಅಭ್ಯಾಸವಿದ್ದಂತೆ ಕಾಣಲಿಲ್ಲ.

ನಾನು ಚಿತ್ರ ಬರೆದು ಬದುಕುವವಳು ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತು. ಬೈಲಹೊಂಗಲದಲ್ಲಿ ಕುಳಿತು ಮಕ್ಕಳ ಪುಸ್ತಕಗಳಿಗೆ ಆನೆ, ಇಲಿ, ರಾಕ್ಷಸರನ್ನು ಬರೆಯುತ್ತೇನೆ. ನಮ್ಮ ನೆಂಟರಿಗೆ ಮಾತ್ರ ಇದಿನ್ನೂ ಅರ್ಥವಾಗಿಲ್ಲ. “ಚಿತ್ರಾ ತಗೀತಿ, ಖರೆ. ಕೆಲಸಾ ಏನ್ ಮಾಡ್ತಿ?” ಎಂದು ಪ್ರತಿ ಮದುವೆಯಲ್ಲೂ ಕೇಳುತ್ತಾರೆ. ಅವರ ಮೊಬೈಲ್ ತುಂಬ ಇರುವುದು ಚಿತ್ರಗಳೇ. ಗುಡ್ ಮಾರ್ನಿಂಗಿಗೊಂದು ಗುಲಾಬಿ, ಗುಡ್ ನೈಟಿಗೊಂದು ಚಂದ್ರ. ಅವೆಲ್ಲ ಗಿಡದಲ್ಲಿ ಬಿಡುತ್ತವೆ ಅಂದುಕೊಂಡಿದ್ದಾರೋ ಏನೋ.

ನನಗೆ ಮುಖ ನೋಡುವುದನ್ನು ಕಲಿಸಿದವಳು ಚಿಗವ್ವ. ಎಲ್ಲಿ? ಟಿವಿ ಮುಂದೆ. ಶಾಲೆಯ ಸೂಟಿಗೆ ರಾಮದುರ್ಗಕ್ಕೆ ಹೋದರೆ ಸಂಜೆಯೆಲ್ಲ ಸೀರಿಯಲ್. ಆಕೆ ಶೇಂಗಾ ಒಡೆಯುತ್ತ ಕೂರುತ್ತಿದ್ದಳು, ಕಣ್ಣು ಪರದೆ ಬಿಟ್ಟು ಕದಲುತ್ತಿರಲಿಲ್ಲ.

“ಹುಬ್ಬ ನೋಡವಾ ಆಕೀದು. ಬಾಯಾಗ ‘ಅಕ್ಕಾ’ ಅಂತಾಳ, ಹುಬ್ಬಿನಾಗ ವಿಷಾ ಅರೆಯಾಕತ್ತಾಳ.”

ಇನ್ನೊಮ್ಮೆ ನಾಯಕಿ ಗೊಳೋ ಎಂದು ಅಳುತ್ತಿದ್ದಾಗ, “ಅಳೂ ಮುಂದ ಮೂಗ ಕೆಂಪ ಆಗಬೇಕು. ಇಕೀದು ಆಗಿಲ್ಲ. ಸುಳ್ಳ ಅಳಾಕತ್ತಾಳ” ಎಂದಿದ್ದಳು. ಇವತ್ತಿಗೂ ನನ್ನ ಪುಸ್ತಕಗಳಲ್ಲಿ ಅಳುವ ಇಲಿಗಳಿಗೆಲ್ಲ ಕೆಂಪು ಮೂಗು.

ಆಮೇಲೆ ಕಲಾಶಾಲೆಗೆ ಹೋದೆ. ಅಲ್ಲಿ ಸೀರಿಯಲ್ ಎಂದರೆ ಸಾಕು, ಮೂಗು ಮುರಿಯುತ್ತಿದ್ದರು. ಸಂಜೆ ಹಾಸ್ಟೆಲ್ಲಿನ ಟಿವಿ ಮುಂದೆ ಅವೇ ಮೂಗುಗಳು ಸಾಲಾಗಿ ಕುಳಿತಿರುತ್ತಿದ್ದವು!

ಇರಲಿ, ಕಾಕಾನ ವಿಷಯಕ್ಕೆ ಬರುತ್ತೇನೆ. ಚಿಗವ್ವನ ಗಂಡ ಕಾಳುಕಡಿ ದಲಾಲಿಯ ಅಡತಿ ಅಂಗಡಿಯ ಸಾಹುಕಾರ. ಊರಿನ ಯಾವ ಸಭೆಯಲ್ಲಿ ಮೈಕ್ ಸಿಕ್ಕರೂ, ಟಿವಿಯಿಂದ ನಮ್ಮ ಸಂಸ್ಕೃತಿ ಕೆಟ್ಟುಹೋಯಿತು ಎಂದು ಗುಡುಗುವವರು. ಅವರೇ ಒಂದು ದಿನ ಫೋನ್ ಮಾಡಿದರು.

“ಚಿಗವ್ವನ ಕಾರ್ಯ ಹತ್ರ ಬಂತು. ಆಕೀದೊಂದು ಛಲೋ ಚಿತ್ರಾ ತಗದ ಕೊಡವಾ. ಫೋಟೋದಾಗ ಆಕಿ ಕಳಾ ಬಂದಿಲ್ಲ.”

ಆ ಮಾತಿಗೆ ನಾನು ಕರಗಿಹೋದೆ. ಕೈಯಲ್ಲಿದ್ದ ಪುಸ್ತಕದ ಕೆಲಸ ಬದಿಗಿಟ್ಟೆ. ದಿವಾನದ ಮೇಲೆ ಒಂದು ಕಾಲು ಮಡಚಿ ಕುಳಿತ ಚಿಗವ್ವ, ತೊಡೆಯ ಮೇಲೆ ಶೇಂಗಾದ ಮೊರ, ಕೈಯಲ್ಲಿ ರಿಮೋಟು, ಅದನ್ನು ಖಳನಾಯಕಿಗೆ ಗುರಿಯಿಟ್ಟು ಬಾಯ್ತುಂಬ ನಗುತ್ತಿದ್ದಾಳೆ. ಹಲ್ಲಿನ ಆ ಸಂದನ್ನು ಬರೆಯುವಾಗ ಕೈ ನಿಂತಿತು. ಅತ್ತುಬಿಟ್ಟೆ. (ಕನ್ನಡಿಯಲ್ಲಿ ನೋಡಿಕೊಂಡೆ, ಮೂಗು ಕೆಂಪಾಗಿತ್ತು.)

ಸವದತ್ತಿಯಲ್ಲಿ ಬಸ್ ಬದಲಿಸಿ, ಚಿತ್ರವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಹೋದೆ. ಕಾಕಾ ನೋಡಿದರು. ಇನ್ನೊಮ್ಮೆ ನೋಡಿದರು.

“ಇದೇನವಾ? ಸತ್ತಾಕಿ ಕೈಯಾಗ ರಿಮೋಟ್ ಕೊಟ್ಟಿಯಲ್ಲ!”

“ಚಿಗವ್ವನ ಕೈಯಾಗ ಮತ್ತೇನ್ ಇರ್ತಿತ್ರಿ ಕಾಕಾ?”

“ಹಿರ್ಯಾರು ಬರ್ತಾರ, ಸ್ವಾಮಿಗೋಳು ಬರ್ತಾರ. ಹಲ್ಲ ಕಿಸ್ಕೊಂಡ ಕುಂತಾಳಂದ್ರ ಮಂದಿ ಏನಂದಾರು? ಬಾಯಿ ಮುಚ್ಚಸು. ಕೈಯಾಗೊಂದು ಪುಸ್ತಕಾ ಕೊಡು. ಒಂಚೂರು ಬೆಳ್ಳಗ ಮಾಡು.”

“ಹಂಗ ಮಾಡಿದ್ರ ಅದು ಚಿಗವ್ವ ಆಗೂದಿಲ್ರಿ.”

“ಆಗದಿದ್ರ ಬಿಡು. ಸ್ಟುಡಿಯೋದಾಂವ ಕಂಪ್ಯೂಟರಿನ್ಯಾಗ ಮಾಡಿ ಕೊಡ್ತಾನ.”

ಹೀಗೆ ಹುಟ್ಟಿತು ಆ ಬಿಳಿ ಅಮ್ಮನವರ ಅವತಾರ.

ಪುಣ್ಯಸ್ಮರಣೆಯ ದಿನ ನಾನು ವಾಪಸ್ ತಂದಿಟ್ಟಿದ್ದ ನನ್ನ ಚಿತ್ರವನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಹಟ ಎನ್ನಿ. ಆಕೆಯ ದಿನ ಆಕೆಯೂ ಆ ಮನೆಯಲ್ಲಿರಲಿ ಎಂದು ಒಯ್ದು ಅಡುಗೆಮನೆಯ ಮೂಲೆಯಲ್ಲಿಟ್ಟೆ.

ಹಾಲ್‌ನಲ್ಲಿ ಭಾಷಣ ನಡೆದಿತ್ತು. ಕಟಕೋಳದಿಂದ ಬಂದ ಬೀಗರು ಫ್ರೇಮಿಗೆ ಕೈಮುಗಿದು “ಸಾಕ್ಷಾತ್ ದೇವಿ” ಎಂದರು. ಆಕೆಯನ್ನು ಒಮ್ಮೆಯೂ ಮಾತಾಡಿಸದ ಗಣ್ಯರೊಬ್ಬರು “ತಾಯಿಯವರು ಸದಾ ಗ್ರಂಥಗಳ ಅಧ್ಯಯನದಲ್ಲಿ ಮುಳುಗಿರುತ್ತಿದ್ದರು” ಎಂದರು. ಗಂಡಸರೆಲ್ಲ ತಲೆದೂಗಿದರು. ತೂಗದೆ ಏನು ಮಾಡಿಯಾರು? ಸಾಕ್ಷಿಗೆ ಪುಸ್ತಕ ತೊಡೆಯ ಮೇಲೇ ಇತ್ತಲ್ಲ!

ಪಕ್ಕದ ಮನೆಯ ಕಸ್ತೂರೆವ್ವ ಬಂದಳು. ಚಿಗವ್ವನ ಸೀರಿಯಲ್ ಜೊತೆಗಾತಿ. ಸಂಜೆಯಾದರೆ ಅದೇ ದಿವಾನದ ಇನ್ನೊಂದು ತುದಿ ಆಕೆಯದು. ಹೂವೇರಿಸಿ, ನಮಸ್ಕಾರ ಮಾಡಿ, ನನ್ನ ಕಿವಿಯ ಹತ್ತಿರ ಬಂದು ಕೇಳಿದಳು:

“ಈ ಅಮ್ಮಾರು ಯಾರವಾ? ನಿಮ್ಮ ಕಾಕಾನ ಅವ್ವನೇನು?”

ಆಕೆಯ ಕೈಹಿಡಿದು ಅಡುಗೆಮನೆಗೆ ಕರೆದೊಯ್ದು ಬಟ್ಟೆ ಸರಿಸಿದೆ. ಕಸ್ತೂರೆವ್ವ ಹತ್ತಿರ ಬಾಗಿ ನೋಡಿದಳು. ಆಮೇಲೆ ಚಿತ್ರದ ಜೊತೆಗೇ ಮಾತಾಡಿದಳು. “ಈಗ ಬಂದೇನ? ಮುಂಜಾನಿಂದ ಹುಡಕಾಕತ್ತೇನಿ ನಿನ್ನ.”

ಓಣಿಯ ಹೆಂಗಸರೆಲ್ಲ ಒಳಗೆ ನುಗ್ಗಿದರು. ಒಬ್ಬರು ನಕ್ಕರು, ಒಬ್ಬರು ಕಣ್ಣೊರೆಸಿಕೊಂಡರು, ಉಳಿದವರು ಮೊಬೈಲ್ ತೆಗೆದರು. ಮಾತು ತಾನಾಗಿ ಸೀರಿಯಲ್ಲಿಗೆ ಹೊರಳಿತು.

“ಆಕಿ ಹೋದ ಮ್ಯಾಲ ನಾ ನೋಡೂದ ಬಿಟ್ಟೇನ್ರಿ” ಎಂದಳು ಕಸ್ತೂರೆವ್ವ. “ಆ ದೊಡ್ಡ ಸೊಸಿ ಬಾವಿಗಿ ಬಿದ್ದು ಸತ್ತಳಂತ, ಹೌದೇನು?”

“ಎಲ್ಲಿ ಸತ್ತಾಳ?” ಬಾಗಿಲಿನಿಂದ ಗಂಡು ದನಿ ಬಂತು. “ಬಾವಿಗಿ ಬಿದ್ದಾಕಿ ಆಕೀ ತಂಗಿ. ದೊಡ್ಡ ಸೊಸಿ ಮೊನ್ನೆರ ದವಾಖಾನ್ಯಾಗ ಕಣ್ಣ ತಗದ್ಲಲ್ಲ!”

ಎಲ್ಲರೂ ತಿರುಗಿ ನೋಡಿದೆವು. ನೀರು ಕುಡಿಯಲು ಬಂದ ಕಾಕಾ! ಕೈಯಲ್ಲಿ ಖಾಲಿ ತಂಬಿಗೆ, ಹಣೆಯ ಮೇಲೆ ವಿಭೂತಿ, ಬಾಯಲ್ಲಿ ದೊಡ್ಡ ಸೊಸೆ.

ಅವರ ಕಣ್ಣು ಚಿತ್ರದ ಮೇಲೆ ಬಿತ್ತು. ಈ ಸಲ ಬಹಳ ಹೊತ್ತು ನೋಡಿದರು.

“ಆಕಿ ಬಿಟ್ಟಲ್ಲಿಂದ ನೋಡಾಕತ್ತೇನಿ” ಎಂದರು ಮೆಲ್ಲಗೆ. “ಮುಂದ ಏನಾತು ಅಂತ ಯಾರರ ನೋಡಬೇಕಲ್ಲ.”

ಕಸ್ತೂರೆವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹೆಂಡತಿಗಾಗಿ ಇಷ್ಟು ಮಾಡುವ ಗಂಡಂದಿರು ಎಷ್ಟು ಮನೆಯಲ್ಲಿದ್ದಾರೆ ಹೇಳಿ? ಇನ್ನೇನು, ಇವರೇ ಎದ್ದುಹೋಗಿ ಆ ಬಿಳಿ ಅಮ್ಮನವರನ್ನು ಇಳಿಸಿ ನಮ್ಮ ಚಿಗವ್ವನನ್ನು ತೂಗುಹಾಕುತ್ತಾರೆ ಎಂದುಕೊಂಡೆ.

ನಾನೂ ಸೀರಿಯಲ್ ನೋಡಿ ಬೆಳೆದವಳಲ್ಲವೇ? ಇಂಥ ಆಸೆಗಳು ಬಹಳ.

ಕಾಕಾ ತಂಬಿಗೆ ತುಂಬಿಕೊಂಡು, ಗಂಟಲು ಸರಿಮಾಡಿಕೊಂಡರು. “ಚಿತ್ರಾ ಛಲೋ ಐತವಾ, ಆಕೀನ ಬಂದಂಗ ಆತು. ಇಟ್ಟ ಹೋಗು. ಹಾಲ್‌ನಾಗ ಬ್ಯಾಡ. ಒಳಗ ಟಿವಿ ಕ್ವಾಣ್ಯಾಗ ಹಾಕ್ಕೋತೇನಿ. ಅಲ್ಲಿ ಮಂದಿ ಬರೂದಿಲ್ಲ.”

ಹೇಳಿ, ಮುಖಕ್ಕೆ ಮತ್ತೆ ಗಾಂಭೀರ್ಯ ಬಳಿದುಕೊಂಡು, ಭಾಷಣ ಕೇಳಲು ಹೊರಟರು.

ಚಿತ್ರವನ್ನು ಕಿತ್ತುಕೊಂಡು ಬರಬೇಕೆನಿಸಿತು. ಬರಲಿಲ್ಲ. ಅಲ್ಲಿ ದಿನಾ ಸಂಜೆ ಒಬ್ಬರಾದರೂ ಆಕೆಯ ಮುಂದೆ ಕೂರುತ್ತಾರಲ್ಲ ಎಂದು ನಾನೇ ಮೊಳೆ ಹೊಡೆದು, ಚಿತ್ರ ಹಾಕಿ ಬಂದೆ. ಬಸ್ಸಿನ ದಾರಿಯುದ್ದಕ್ಕೂ ಸಿಟ್ಟು ಇಳಿಯಲಿಲ್ಲ. ಮೆಚ್ಚಿದ ಹಾಡು, ಮೆಚ್ಚಿದ ಕಥೆ, ಮೆಚ್ಚಿದ ನಗು, ಎಲ್ಲಕ್ಕೂ ಬಾಗಿಲು ಹಾಕಿಕೊಳ್ಳುವ ಜನ ನಾವು. ನಾಲ್ಕು ಜನರೆದುರು ಮಾತ್ರ ಯಾವತ್ತೂ ತೆರೆಯದ ಪುಸ್ತಕ ಬೇಕು.

ಪ್ರೀತಿಸಿದವರನ್ನು ಒಳಕೋಣೆಗೆ ದಬ್ಬಿ, ಹಾಲ್‌ನಲ್ಲಿ ನಾವು ಊದಿನಕಡ್ಡಿ ಬೆಳಗುವುದಾದರೂ ಯಾರಿಗೆ?