ಒಬ್ಬಳಿಗಾಗಿ ಮಾಡಲಾಗದ ಭಜ್ಜಿ

ಇನ್ನೊಬ್ಬರು ಏನು ಉಂಡರು ಅಂತ ಕೇಳುವುದೇ ನನ್ನ ಕೆಲಸ. ನಗಬೇಡಿ, ಇದಕ್ಕೂ ಸಂಬಳ ಕೊಡುತ್ತಾರೆ. ಯಾರ ಹೊಲದಲ್ಲಿ ಎಷ್ಟು ಬಗೆ ಬೆಳೆ ಇದೆ, ಅದರಲ್ಲಿ ಯಾವುದು ಆ ಮನೆಯವರ ತಾಟಿಗೆ ಬರುತ್ತದೆ ಎಂದು ತಿಳಿಯುವ ಸರ್ವೆ ಅದು. ವಾಡಿಯಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ, ಚಿತ್ತಾಪುರ ದಾಟಿ ಸೇಡಂನಲ್ಲಿ ಇಳಿಯುತ್ತೇನೆ. ಅಲ್ಲಿಂದ ಬಸ್ಸಿಗೆ ಕಾದು ಆಡಕಿಯ ಕಡೆಗೆ ಹೋಗುತ್ತೇನೆ. ಮನೆಮನೆಯ ಕಟ್ಟೆಯ ಮೇಲೆ ಕೂತು ಹೆಂಗಸರನ್ನು ಕೇಳುತ್ತೇನೆ: "ನಿನ್ನೆ ಮುಂಜಾನಿಯಿಂದ ರಾತ್ರಿ ಮಲಗೋತನಕ ಏನೇನು ಉಂಡ್ರಿ?"

"ಏನ್ ಉಣ್ತೀವ್ರಿ ನಾವು, ರೊಟ್ಟಿ ಪಲ್ಯ" ಅನ್ನುತ್ತಾರೆ. ಎಲ್ಲರದೂ ಇದೇ ಉತ್ತರ. ಆ ಪಲ್ಯ ಯಾವುದು ಅಂತ ಬೆನ್ನು ಹತ್ತಿದರೆ ಆಗ ಒಂದೊಂದೇ ಹೊರಗೆ ಬರುತ್ತದೆ. ಕಳೆ ತೆಗೆಯುವಾಗ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಹತ್ತರಕಿ ಸೊಪ್ಪು, ಬದುವಿನ ಮೇಲಿನ ಪುಂಡಿ ಸೊಪ್ಪು, ತೊಗರಿ ಸಾಲಿನ ನಡುವೆ ಬಿತ್ತಿದ ಮಡಿಕೆ ಕಾಳು, ರೊಟ್ಟಿಯ ಮೇಲೆ ಚಟ್ನಿಪುಡಿಯಾಗಿ ಉದುರಿಸಿಕೊಂಡ ಗುರೆಳ್ಳು ಹಿಂಡಿ, ನಡೆಯುತ್ತ ಬಾಯಾಡಿಸಿದ ಹಸಿ ಕಡಲೆ. ದುಡ್ಡು ಕೊಡದೆ ಬಂದದ್ದನ್ನು ಊಟ ಅಂತ ಹಿಡಿಯುವ ರೂಢಿಯೇ ನಮ್ಮಲ್ಲಿಲ್ಲ. ಅದನ್ನು ಅವರ ಬಾಯಿಂದ ಎಳೆದು ತೆಗೆಯುವುದರಲ್ಲಿ ನಾನು ಪಳಗಿದ್ದೇನೆ. ಗಂಟು ಬಿದ್ದರೆ ಬಿಡುವ ಹೆಂಗಸಲ್ಲ ನಾನು.

ನನ್ನನ್ನು ಮಾತ್ರ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳುವುದಕ್ಕೆ ಏನಿದೆ? ಚಹಾ, ಬನ್ನು, ಒಂದು ಹಿಡಿ ಅನ್ನ, ಬಾಟಲಿಯ ಉಪ್ಪಿನಕಾಯಿ. ನಮ್ಮವರು ಸಿಮೆಂಟು ಫ್ಯಾಕ್ಟರಿಯಲ್ಲಿದ್ದರು. ಅವರು ಹೋದ ಮೇಲೆ ಕ್ವಾರ್ಟರ್ಸ್ ಬಿಟ್ಟು, ಸ್ಟೇಷನ್ನಿನ ಹಿಂದೆ ಒಂದು ಖೋಲಿ ಹಿಡಿದಿದ್ದೇನೆ. ಪರಸಿ ಕಲ್ಲಿನ ನೆಲ, ಒಂದು ಕಿಟಕಿ, ಹಗಲೂ ರಾತ್ರಿ ಗೂಡ್ಸ್ ಗಾಡಿಯ ಸದ್ದು. ನಮಗೆ ಮಕ್ಕಳಿಲ್ಲ. ಒಬ್ಬಳಿಗಾಗಿ ಯಾರು ರೊಟ್ಟಿ ಬಡಿಯುತ್ತಾರೆ ಹೇಳಿ. ಹಿಟ್ಟಿನ ಡಬ್ಬಿಗೆ ಕೈ ಹಾಕಿದರೂ ತೆಗೆದುಬಿಡುತ್ತೇನೆ.

ವರ್ಷವೆಲ್ಲ ಹೇಗೋ ಕಳೆಯುತ್ತದೆ. ಎಳ್ಳಮಾವಾಸ್ಯೆ ಬಂದರೆ ಮಾತ್ರ ನನಗೆ ತಡೆಯಲಾಗುವುದಿಲ್ಲ.

ನಮ್ಮ ಕಡೆ ಆ ದಿನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಬುತ್ತಿ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಮೊದಲು ಭೂಮಿತಾಯಿಗೆ ಚರಗ. ಅಂದರೆ ತಂದ ಅಡುಗೆಯನ್ನೆಲ್ಲ ಒಂದಿಷ್ಟು ಕಲಸಿ ಬೆಳೆಯ ಮೇಲೆ ಚೆಲ್ಲುವುದು. ಆಮೇಲೆ ಊಟ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಲ್ಲದಕ್ಕೂ ದೊಡ್ಡದು ಭಜ್ಜಿ. ಎಣ್ಣೆಯಲ್ಲಿ ಕರಿಯುವ ಭಜಿ ಅಲ್ಲ ಇದು. ಹೊಲದಲ್ಲಿ ಆ ಹೊತ್ತಿಗೆ ಏನೇನು ಹಸಿರಿದೆಯೋ ಅದನ್ನೆಲ್ಲ, ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತ್ಯ, ಪುಂಡಿ, ಬದನೆ, ಗಜ್ಜರಿ, ಬಾರೆಹಣ್ಣು ಕೂಡ, ಹುಣಸೆ ಹುಳಿಯಲ್ಲಿ ಬೇಯಿಸಿ, ಕಡಲೆ ಹಿಟ್ಟು ಹಾಕಿ ಕುದಿಸುವುದು. ಹೊಲ ಹೇಗಿದೆ ಅಂತ ತಿಳಿಯಬೇಕಾದರೆ ಆ ಗಡಿಗೆಯಲ್ಲಿ ಸೌಟು ಆಡಿಸಿದರೆ ಸಾಕು. ಆದರೆ ನಮ್ಮ ಆಫೀಸಿನವರು ಹಬ್ಬದ ಊಟ ಲೆಕ್ಕಕ್ಕೆ ಬೇಡ, ಆ ದಿನಗಳಲ್ಲಿ ಸರ್ವೆಗೆ ಹೋಗಬೇಡಿ ಅನ್ನುತ್ತಾರೆ. ನಾನು ಜಗಳ ಆಡಿದೆ, ಯಾರೂ ಕೇಳಲಿಲ್ಲ.

ನನ್ನ ತವರಿನ ಹೊಲ ಸುಣ್ಣಕಲ್ಲಿನ ಗಣಿಯಾಗಿ ಎಷ್ಟೋ ಕಾಲವಾಯಿತು. ಹೊಲವಿಲ್ಲದವರನ್ನು ಹೊಲವಿದ್ದವರು ಕರೆಯುತ್ತಾರೆ, ಅದು ಪದ್ಧತಿ. ನಮ್ಮವರಿದ್ದಾಗ ಅವರ ಜೊತೆ ಕೆಲಸ ಮಾಡುವವರು ನಾ ಮುಂದೆ ತಾ ಮುಂದೆ ಅಂತ ಕರೆಯುತ್ತಿದ್ದರು. ಅವರು ಹೋದ ಮೇಲೆ ಆ ಕರೆಗಳೂ ನಿಂತವು. ಜನ ಕರೆಯುತ್ತಿದ್ದದ್ದು ನಮ್ಮವರನ್ನು, ನಾನು ಬೆನ್ನಿಗೆ ಬರುತ್ತಿದ್ದೆ ಅಷ್ಟೆ. ಇದು ತಿಳಿದಾಗ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಅಳು ಬಂತು.

ಕಳೆದ ಎಳ್ಳಮಾವಾಸ್ಯೆಗೆ ಮುಂಚೆ ಆಡಕಿಯ ಒಂದು ಮನೆಯಲ್ಲಿ ಸರ್ವೆ ಮುಗಿಸಿ ಚಪ್ಪಲಿ ಮೆಟ್ಟುತ್ತಿದ್ದೆ. ಆ ಮನೆಯ ಸೊಸೆ, ನನಗಿಂತ ಸಣ್ಣವಳು, ಮಾತಿಗಿಂತ ನಗು ಹೆಚ್ಚು. ಹೊಸಿಲಲ್ಲಿ ನಿಂತು, "ಅಮಾಸಿಗಿ ನಮ್ಮ ಹೊಲಕ್ಕ ಬರ್ರಿ ಅಕ್ಕೋರೆ, ರೋಡಿಗೇ ಅದ" ಅಂದಳು.

ನಾನು ಹೂಂ ಅಂದೆ. ಆದರೆ ನಮ್ಮಲ್ಲಿ ಚಪ್ಪಲಿ ಮೆಟ್ಟುವಾಗ ಆಡುವ ಮಾತು ಕರೆಯಲ್ಲ, ಮರ್ಯಾದೆ. ನಿಜವಾದ ಕರೆ ಇನ್ನೊಮ್ಮೆ ಬರಬೇಕು, ಹಬ್ಬದ ಹಿಂದಿನ ದಿನ. ಅವಳ ಹತ್ತಿರ ನನ್ನ ನಂಬರ್ ಇತ್ತು. ಹಿಂದಿನ ದಿನ ಫೋನನ್ನು ಕಿಟಕಿಯಲ್ಲೇ ಇಟ್ಟುಕೊಂಡು ಕೂತೆ. ಬರಲಿಲ್ಲ.

ಬಂದಿದ್ದರೆ ಸಲೀಸಾಗುತ್ತಿತ್ತು. ಬರದಿದ್ದಾಗ ಹೋಗುವುದು ಹೇಗೆ, ಹೋಗದೆ ಇರುವುದು ಹೇಗೆ? ಒಂದು ಉಪಾಯ ಮಾಡಿದೆ. ಸ್ವಂತ ಭಜ್ಜಿ ಮಾಡಿ ಡಬ್ಬಿಯಲ್ಲಿ ಹಿಡಿದುಕೊಂಡು ಆ ರೋಡಿನಲ್ಲಿ ನಡೆಯುವುದು. ಕರೆದರೆ ಕೂಡುವುದು, ಕರೆಯದಿದ್ದರೆ ಎಲ್ಲಿಗೋ ಹೊರಟವಳ ಹಾಗೆ ಮುಂದೆ ಹೋಗುವುದು. ಹೇಗೂ ಬರಿಗೈಯಲ್ಲಿ ಯಾರಲ್ಲಿಗೂ ಹೋಗಬಾರದು. ಉಣ್ಣಲು ಗತಿಯಿಲ್ಲದೆ ಬಂದಳು ಅಂತ ಯಾರೂ ಅನ್ನಬಾರದು.

ಭಜ್ಜಿಯ ತೊಂದರೆ ಏನೆಂದರೆ ಅದನ್ನು ಒಬ್ಬರಿಗಾಗಿ ಮಾಡಲು ಬರುವುದಿಲ್ಲ. ಒಂದೊಂದು ಹಿಡಿ ಹಾಕಿದರೂ ಬಗೆ ಅಷ್ಟಿರುವುದರಿಂದ ಗಡಿಗೆ ತುಂಬುತ್ತದೆ. ಒಂದೊಂದು ಚಿಟಿಕೆ ಹಾಕೋಣವೆಂದರೆ ಅದು ಭಜ್ಜಿಯಾಗುವುದಿಲ್ಲ. ಸರ್ವೆಗೆ ಹೋದಲ್ಲೆಲ್ಲ ಹೆಂಗಸರು ಕೊಟ್ಟ ಕಾಳು ಸೊಪ್ಪು ಸಂತೆಯ ಚೀಲದಲ್ಲಿತ್ತು. ನಸುಕಿನಲ್ಲಿ ಎದ್ದು ಕುದಿಸಿದೆ. ಹತ್ತು ಮಂದಿಯ ಭಜ್ಜಿಯಾಯಿತು. ದೊಡ್ಡ ಸ್ಟೀಲಿನ ಡಬ್ಬಿಗೆ ತುಂಬಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ಗಾಡಿ ಹತ್ತಿದೆ.

ಆಡಕಿಗೆ ಒಂದಿಷ್ಟು ಮೊದಲೇ ಬಸ್ಸಿಳಿದು ನಡೆದೆ. ಎರಡೂ ಕಡೆ ಬಿಳಿಜೋಳ ಸೊಂಟದೆತ್ತರ ನಿಂತಿತ್ತು. ಮರಮರದ ಕೆಳಗೆ ಜನ, ಹೊಸ ಸೀರೆ, ಮಕ್ಕಳ ಕೂಗಾಟ. ನನ್ನ ಹಿಂದೆ ಬೈಕಿನಲ್ಲಿ ಬಂದ ಒಬ್ಬ ಪ್ಯಾಂಟಿನವನನ್ನು ಹೊಲದವರು ಅಡ್ಡಗಟ್ಟಿದರು. "ಎಲ್ಲಿ ಹೊಂಟೀರಿ, ಇಳೀರಿ, ಉಂಡು ಹೋಗ್ರಿ!" ಅವನ ಗುರುತು ಅವರಿಗಿರಲಿಲ್ಲ. ಅವನು ಅರ್ಜೆಂಟು ಕೆಲಸ ಅಂತ ಒದರಿಕೊಂಡರೂ ಬಿಡದೆ ಕೈ ಹಿಡಿದು ಎಳೆದೊಯ್ದರು.

ನಾನು ನಿಂತೆ. ಈಗ ನನ್ನನ್ನೂ ಕರೆಯುತ್ತಾರೆ ಅಂತ ಸೆರಗು ಸರಿ ಮಾಡಿಕೊಂಡೆ. ಮುದುಕನೊಬ್ಬ ನನ್ನ ಕಡೆ ನೋಡಿದ, ಕೈಯಲ್ಲಿದ್ದ ಡಬ್ಬಿ ನೋಡಿದ. ತಕ್ಷಣ ದಾರಿ ಬಿಟ್ಟು ಬದಿಗೆ ಸರಿದ.

"ಲಗೂ ಹೋಗ್ರಿ ತಾಯಿ, ನಿಮ್ಮ ಮಂದಿ ಹಾದಿ ನೋಡ್ತಿರ್ತಾರ."

"ಹೌದ್ರಿ" ಅಂದೆ. ಇನ್ನೇನು ಅನ್ನಲಿ?

ಭೂಮಿತಾಯಿಗೆ ಹೊರಟ ಬುತ್ತಿಯನ್ನು ಹಾದಿಯಲ್ಲಿ ತಡೆಯಬಾರದು. ಇದು ಚಿಕ್ಕಂದಿನಿಂದ ನನಗೆ ಗೊತ್ತು. ನನ್ನ ತಾಯಿಗೂ ಜನ ಹೀಗೇ ದಾರಿ ಬಿಡುತ್ತಿದ್ದರು. ಡಬ್ಬಿ ಕಟ್ಟುವಾಗ ಆ ಮಾತು ನೆನಪಿಗೆ ಬರಲಿಲ್ಲ. ಅವತ್ತು ಆ ರೋಡಿನಲ್ಲಿ ಬರಿಗೈಯಲ್ಲಿ ಹೋದ ಯಾವ ಅಪರಿಚಿತನಾದರೂ ನೆಂಟನಾಗುತ್ತಿದ್ದ. ಡಬ್ಬಿ ಹಿಡಿದ ನನಗೆ ಎಲ್ಲರೂ ತಮ್ಮ ಮನಸ್ಸಿನಲ್ಲೇ ಹೊಲ ಕೊಟ್ಟರು, ಮಂದಿ ಕೊಟ್ಟರು, ಮುಂದೆ ಕಳಿಸಿದರು.

ಆ ಸೊಸೆಯ ಹೊಲ ಬಂತು. ಬೇವಿನ ಮರದ ಕೆಳಗೆ ಅವಳು ಬಡಿಸುತ್ತಿದ್ದಳು. ನಾನು ಚಪ್ಪಲಿಯಲ್ಲಿ ಕಲ್ಲು ಸಿಕ್ಕವಳ ಹಾಗೆ ನಿಂತು ಕಾಲು ಝಾಡಿಸಿದೆ. ಕೆಮ್ಮಿದೆ. ಅವಳು ತಲೆ ಎತ್ತಿದ್ದು ಕಂಡಿತು. ಕರೆಯಲಿಲ್ಲ. ಡಬ್ಬಿಯನ್ನು ಅಲ್ಲೇ ಕಾಲುವೆಗೆ ಎಸೆದು ಹೋಗಿ ಕೂಡಬೇಕು ಅನ್ನಿಸಿತು. ಎಸೆಯಲಿಲ್ಲ, ನಡೆದೆ.

ಊರಾಚೆ ತೊಗರಿ ಕಟಾವಾದ ಒಂದು ಹೊಲ. ಬದುವಿನಿಂದ ಬದುವಿನವರೆಗೆ ಬರೀ ತೊಗರಿಯ ಕೂಳೆ, ಒಂದು ಪುಂಡಿ ಗಿಡವೂ ಇಲ್ಲ. ಅಲ್ಲಿಗೆ ಯಾರೂ ಬಂದಿರಲಿಲ್ಲ. ಯಾರದೋ ಆ ಹೊಲದಲ್ಲಿ ನಾಲ್ಕೂ ಕಡೆ ಚರಗ ಚೆಲ್ಲಿದೆ. ಚೆಲ್ಲುವಾಗ ಕೂಗಬೇಕು, ನನಗೆ ದನಿ ಏಳಲಿಲ್ಲ. ಕೂತು ಉಂಡೆ. ಭಜ್ಜಿ ಚೆನ್ನಾಗಿಯೇ ಆಗಿತ್ತು, ಹುಳಿ ಸರಿಯಾಗಿತ್ತು. ಹಾಗಂತ ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಡಬ್ಬಿ ಹೆಚ್ಚು ಕಡಿಮೆ ಹೊತ್ತು ಹೋದಷ್ಟೇ ಭಾರವಾಗಿ ವಾಡಿಗೆ ತಿರುಗಿ ಬಂತು.

ಹಬ್ಬ ಕಳೆದ ಮೂರನೇ ದಿನ ಸರ್ವೆಯ ಎರಡನೇ ಸುತ್ತಿಗೆ ಮತ್ತೆ ಅವಳ ಮನೆಗೆ ಹೋಗಬೇಕಾಗಿತ್ತು. ಬಿಗಿದ ಮುಖ ಮಾಡಿಕೊಂಡೇ ಹೋದೆ. ಕಟ್ಟೆಯ ಮೇಲೆ ಕೂತು ನನ್ನ ಪ್ರಶ್ನೆ ಶುರು ಮಾಡುವುದಕ್ಕೆ ಮೊದಲೇ ಅವಳು ಅಂದಳು:

"ಅವತ್ತ ನೀವು ರೋಡ್‌ಗುಂಟ ಹೋಗಾಕತ್ತಿದ್ದು ನೋಡಿದ್ನಿರಿ. ಕೈಯಾಗ ಬುತ್ತಿ ಇತ್ತು. ನಿಮ್ಮವರು ಯಾರೋ ಕರದಾರ, ನಾ ನಡುವ ಹ್ಯಾಂಗ ತಡೀಲಿ ಅಂತ ಸುಮ್ಮಾದೆ. ನಿಮ್ಮ ಪಾಲಿಂದು ತಗದು ಇಟ್ಟಿದ್ದೆ. ಒಂದ್ಸಲ ಕರದೀನಲ್ಲ, ತಿರುಗಿ ಹೋಗುವಾಗರ ಬರ್ತಾರ ಅಂತ ಸಂಜಿತನಕ ನೋಡಿದೆ."

ನಾನು ಸರ್ವೆಯ ಹಾಳೆ ಬಿಚ್ಚಿದೆ.

"ಭಾಳ ದೊಡ್ಡ ಡಬ್ಬಿ ಇತ್ತು. ಯಾರ ಹೊಲದಾಗ ಉಂಡ್ರಿ?"

ಇಷ್ಟು ವರ್ಷದಲ್ಲಿ ನನ್ನ ಊಟದ ಬಗ್ಗೆ ಯಾರೋ ಕೇಳಿದ್ದು ಅದೇ ಮೊದಲು. ಸುಳ್ಳು ಹೇಳಬಹುದಿತ್ತು.

"ಯಾರ ಹೊಲನೋ ಗೊತ್ತಿಲ್ಲವ್ವ. ನನ್ನ ಯಾರೂ ಕರದಿರಲಿಲ್ಲ. ಒಬ್ಬಾಕಿನೇ ಕುಂತು ಉಂಡೆ."

ಅವಳ ನಗು ನಿಂತಿತು. ಎದ್ದು ಒಳಗೆ ಹೋದಳು. ಒಲೆ ಹೊತ್ತಿಸಿದ ಸದ್ದು ಕೇಳಿತು. ಸರ್ವೆ ಮನೆಗಳಲ್ಲಿ ಉಣ್ಣಬಾರದು ಅಂತ ಆಫೀಸಿನ ಕಟ್ಟಳೆ. ಇಷ್ಟು ದಿನ ಎಷ್ಟೋ ತಾಟುಗಳನ್ನು ಕೈಯಡ್ಡ ಮಾಡಿ ತಳ್ಳಿದ್ದೇನೆ. ಅವಳು ಮೂರು ದಿನದ ಭಜ್ಜಿಯನ್ನು ಕುದಿಸಿ, ಒಣಗಿದ ಸಜ್ಜೆ ರೊಟ್ಟಿಯ ಜೊತೆ ತಂದು ಮುಂದಿಟ್ಟಳು. ತಾನೂ ಒಂದು ತಾಟು ಹಿಡಿದು ಎದುರಿಗೆ ಕೂತಳು. ರೊಟ್ಟಿ ಮುರಿದೆ. ಅವಳ ಭಜ್ಜಿಯಲ್ಲಿ ನನ್ನದರಲ್ಲಿ ಇಲ್ಲದ ಅಲಸಂದಿ ಇತ್ತು. ಅದನ್ನು ಹೇಳಿದೆ.

"ಬದುವಿಗಿ ಹಾಕೀನಿ" ಅಂದಳು. ಆಮೇಲೆ ನನ್ನ ತಾಟಿಗೆ ಇನ್ನೊಂದು ಸೌಟು ಹಾಕುತ್ತ, ಬಹುವಚನ ಬಿಟ್ಟು ಹೇಳಿದಳು:

"ಬರೋ ಅಮಾಸಿಗಿ ಬರಿಗೈಲೆ ಬಾ ಯಕ್ಕಾ."